ಅಕ್ಕ ಕಾಯುತ್ತಿದ್ದ ಹದ್ದು

ನಿಮಗೆ ತುಂಬಾ ಇಷ್ಟದ ವಿಡಿಯೋ ಗೇಮ್ ಯಾವುದು, ಅದರ ಜೊತೆ ಅಂಟಿಕೊಂಡಿರುವ ನೆನಪು ಯಾವುದು ಅಂತ ಕೇಳಿದ್ದೀರಿ. ನನ್ನದು ಟ್ಯಾಂಕ್ ಗೇಮ್. ಅದರ ಸರಿಯಾದ ಹೆಸರು ಬ್ಯಾಟಲ್ ಸಿಟಿ, ಜಪಾನಿನ ನಾಮ್ಕೋ ಕಂಪನಿ 1985ರಲ್ಲಿ ಮಾಡಿದ ಆಟ. ನಮ್ಮ ಮನೆಗೆ ಅದು ಬಂದಿದ್ದು 1997ರ ಬೇಸಿಗೆ ರಜೆಯಲ್ಲಿ. ಹನ್ನೆರಡು ವರ್ಷ ಹಳೆಯ ಆಟ ಅಂತ ನಮಗೇನು ಗೊತ್ತು? ನಮ್ಮ ಪಾಲಿಗೆ ಅದು ಅವತ್ತೇ ಹುಟ್ಟಿತ್ತು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಚಿಕ್ಕಪ್ಪ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರದ ನಕಲು ಅದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಟ ಇರುವ ಡಬ್ಬಿಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಕೈಯಲ್ಲಿ ಹಿಡಿಯುವುದು ರಿಮೋಟ್. ಕ್ಯಾಸೆಟ್ ಮೇಲೆ ಸಾವಿರಾರು ಆಟ ಇದೆ ಅಂತ ಬರೆದಿತ್ತು. ಹಾಕಿ ನೋಡಿದರೆ ಒಂದಿಷ್ಟೇ ಆಟ, ಅವೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಟಿವಿ ಹಿಂದಿನ ಆಂಟೆನಾ ವೈರ್ ಕಿತ್ತು ಗೇಮ್‌ನ ವೈರ್ ಸಿಕ್ಕಿಸಬೇಕಿತ್ತು. ದೂರದರ್ಶನದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಅಪ್ಪನಿಗೆ ಟಿವಿ ಬಿಟ್ಟುಕೊಡಬೇಕು. ಅದೊಂದೇ ಕರಾರು.

ಆಗ ನಾನು ನಾಲ್ಕನೇ ಕ್ಲಾಸ್, ಅಕ್ಕ ಒಂಬತ್ತನೇ ಕ್ಲಾಸ್. ಅಲ್ಲಿವರೆಗೆ ನಾವಿಬ್ಬರೂ ಒಟ್ಟಿಗೆ ಆಡಿದ್ದೇ ಕಡಿಮೆ. ಅವಳಿಗೆ ಅವಳ ಗೆಳತಿಯರು, ನನಗೆ ನನ್ನ ಸೈಕಲ್ ಟೈರು.

ಟ್ಯಾಂಕ್ ಗೇಮ್ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಪರದೆಯ ಕೆಳಗೆ, ಸರಿಯಾಗಿ ಮಧ್ಯದಲ್ಲಿ, ಒಂದು ಹದ್ದು ಕೂತಿರುತ್ತದೆ. ಅದರ ಸುತ್ತ ಇಟ್ಟಿಗೆ ಗೋಡೆ. ಮೇಲಿನ ಮೂರು ಜಾಗದಿಂದ ಶತ್ರು ಟ್ಯಾಂಕ್‌ಗಳು ಇಳಿಯುತ್ತವೆ, ಒಂದು ಸ್ಟೇಜ್‌ಗೆ 20. ಅಷ್ಟನ್ನೂ ಹೊಡೆದರೆ ಸ್ಟೇಜ್ ಮುಗಿಯಿತು. ಹೀಗೆ 35 ಸ್ಟೇಜ್. ಹದ್ದಿಗೆ ಒಂದೇ ಒಂದು ಗುಂಡು ಬಿದ್ದರೂ ಆಟ ಮುಗೀತು, ನಿಮ್ಮ ಹತ್ತಿರ ಎಷ್ಟು ಲೈಫ್ ಉಳಿದಿದ್ದರೂ ಅಷ್ಟೇ. ನನಗೆ ಈ ಆಟ ಹಿಡಿಸಿದ್ದೇ ಇದರಿಂದ. ಮಾರಿಯೋ ಅನ್ನುವ ಆಟವನ್ನೂ ಇಬ್ಬರು ಆಡಬಹುದು, ಆದರೆ ಸರದಿ ಪ್ರಕಾರ. ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಬಿಟ್ಟು ನೋಡುತ್ತಾ ಕೂರಬೇಕು. ಕಾಂಟ್ರಾ ಅನ್ನುವ ಇನ್ನೊಂದು ಆಟದಲ್ಲಿ ಇಬ್ಬರೂ ಒಟ್ಟಿಗೆ ಓಡುತ್ತಾರೆ, ಆದರೆ ಜಲಪಾತದ ಸ್ಟೇಜ್‌ನಲ್ಲಿ ಒಬ್ಬ ಬೇಗ ಮೇಲೆ ಹತ್ತಿದರೆ ಹಿಂದೆ ಉಳಿದವನು ಸತ್ತೇ ಹೋಗುತ್ತಾನೆ. ಟ್ಯಾಂಕ್‌ನಲ್ಲಿ ಹಾಗಲ್ಲ. ಇಬ್ಬರಿಗೂ ಸೇರಿ ಇರುವುದು ಒಂದೇ ಹದ್ದು. ಯಾರಾದರೊಬ್ಬರು ಅದರ ಹತ್ತಿರ ನಿಲ್ಲಲೇಬೇಕು.

ನಮ್ಮಲ್ಲಿ ನಿಲ್ಲುತ್ತಿದ್ದದ್ದು ಅಕ್ಕ. ನನ್ನದು ಹಳದಿ ಟ್ಯಾಂಕ್, ಅವಳದು ಹಸಿರು. ನಮ್ಮ ಟಿವಿ ಬ್ಲಾಕ್ ಅಂಡ್ ವೈಟ್ ಆಗಿದ್ದರಿಂದ ನನ್ನದು ಸ್ವಲ್ಪ ಬೆಳ್ಳಗೆ, ಅವಳದು ಸ್ವಲ್ಪ ಕಪ್ಪಗೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ. ನಾನು ಮೇಲೆ ಹೋಗಿ ಸಿಕ್ಕಿದ್ದಕ್ಕೆಲ್ಲ ಹೊಡೆಯುತ್ತಿದ್ದೆ. ಮಿಣಮಿಣ ಅನ್ನುವ ಟ್ಯಾಂಕ್ ಹೊಡೆದರೆ ಏನಾದರೂ ಬಹುಮಾನ ಬರುತ್ತದೆ, ಸ್ಟಾರ್, ಬಾಂಬು, ಗಡಿಯಾರ, ಹೆಲ್ಮೆಟ್, ಸಲಿಕೆ. ನನಗೆ ಅದರದ್ದೇ ಧ್ಯಾನ. ಅಕ್ಕ ಮಾತ್ರ ಗೋಡೆ ಪಕ್ಕದಿಂದ ಕದಲುತ್ತಿರಲಿಲ್ಲ. "ಎಡಗಡೆ ಬಂತು ನೋಡು ಮಾರಾಯ" ಅಂತ ಮೆಲ್ಲಗೆ ಹೇಳುವಳು. ಈ ಆಟದಲ್ಲಿ ಸ್ಟೇಜ್ ಶುರುವಿನಲ್ಲಿ ಒಂದು ಚಿಕ್ಕ ರಾಗ ಬಿಟ್ಟರೆ ಮಧ್ಯೆ ಸಂಗೀತ ಇಲ್ಲ. ಬರೀ ಟ್ಯಾಂಕಿನ ಗುರ್ ಶಬ್ದ. ಅದರ ಮೇಲೆ ಅವಳ ದನಿ ಈಗಲೂ ಕಿವಿಯಲ್ಲಿದೆ.

ಒಂದು ದಿನ ಹನ್ನೊಂದನೇ ಸ್ಟೇಜ್‌ವರೆಗೆ ಬಂದಿದ್ದೆವು. ನಮಗೆ ಅದೇ ದಾಖಲೆ. ಕೊನೆಯ ಒಂದು ಟ್ಯಾಂಕ್ ಉಳಿದಿತ್ತು, ನಾಲ್ಕು ಏಟು ಬೀಳದೆ ಸಾಯದ ದಪ್ಪ ಟ್ಯಾಂಕ್. ಎಡಗಡೆಯಿಂದ ಬಂದು ಗೋಡೆಯಲ್ಲಿ ತೂತು ಮಾಡಿತು. ಅಕ್ಕ ಆ ತೂತಿಗೆ ಅಡ್ಡ ಹೋಗುತ್ತಿದ್ದಳು. ನಾನು ಮೇಲಿನಿಂದ ಓಡಿ ಬಂದು ಗುಂಡು ಬಿಟ್ಟೆ. ಬಿದ್ದಿದ್ದು ಅಕ್ಕನ ಟ್ಯಾಂಕಿಗೆ. ಜೊತೆಗಾರನ ಗುಂಡು ಬಿದ್ದರೆ ಟ್ಯಾಂಕ್ ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ನಿಂತಲ್ಲೇ ಮಿಣುಕುತ್ತದೆ, ಕದಲಲು ಆಗುವುದಿಲ್ಲ. ಅಕ್ಕ ಬಟನ್ ಒತ್ತುತ್ತಲೇ ಇದ್ದಾಳೆ. ಅವಳ ಹೆಬ್ಬೆರಳ ಉಗುರು ಬೆಳ್ಳಗಾಗಿದ್ದು ನನಗೆ ನೆನಪಿದೆ. ತೂತಿನೊಳಗೆ ಗುಂಡು ಹೋಯಿತು. ಕೆಳಗಿನಿಂದ ಗೇಮ್ ಓವರ್ ಅನ್ನುವ ಅಕ್ಷರ ನಿಧಾನಕ್ಕೆ ಮೇಲೆ ಬಂತು. ಬೈಯುತ್ತಾಳೆ ಅಂದುಕೊಂಡೆ. ಅವಳು "ನೀ ಕಾಪಾಡೋಕೇ ಬಂದಿದ್ದಲ್ವಾ" ಅಂದು ನನ್ನ ರಿಮೋಟ್ ಇಸಿದುಕೊಂಡು ಸ್ಟಾರ್ಟ್ ಒತ್ತಿದಳು. ಅವಳ ರಿಮೋಟ್‌ನಲ್ಲಿ ಸ್ಟಾರ್ಟ್ ಬಟನ್ ಇರಲಿಲ್ಲ.

ಆ ಆಟದಲ್ಲಿ ಕನ್‌ಸ್ಟ್ರಕ್ಷನ್ ಅಂತ ಒಂದು ಆಯ್ಕೆ ಇದೆ. ಸ್ಟೇಜನ್ನು ನಾವೇ ಕಟ್ಟಬಹುದು. ಇಟ್ಟಿಗೆ, ಕಬ್ಬಿಣ, ನೀರು, ಪೊದೆ, ಮಂಜುಗಡ್ಡೆ, ಬೇಕಾದ ಕಡೆ ಇಡಬಹುದು. ಅಡ್ಡಕ್ಕೆ 13 ಮನೆ, ಉದ್ದಕ್ಕೆ 13 ಮನೆ. ಇದು ಸಿಕ್ಕ ಮೇಲೆ ಅಕ್ಕನನ್ನು ಹಿಡಿಯುವವರೇ ಇರಲಿಲ್ಲ. ಅವಳು ಮಾಡಿದ ಮೊದಲ ಸ್ಟೇಜ್ ನಮ್ಮೂರೇ. ಪೊದೆ ಇಟ್ಟು ಅಡಿಕೆ ತೋಟ ಮಾಡಿದಳು. ಮಧ್ಯದಲ್ಲಿ ಈ ತುದಿಯಿಂದ ಆ ತುದಿಗೆ ನೀರು, ಅದು ತುಂಗಾ ಹೊಳೆ. 12 ಮನೆ ನೀರು, ಒಂದು ಮನೆ ಖಾಲಿ. ಆ ಖಾಲಿ ಮನೆಯೇ ಸೇತುವೆ. ಟ್ಯಾಂಕ್ ನೀರು ದಾಟುವುದಿಲ್ಲ, ಆದರೆ ಗುಂಡು ನೀರಿನ ಮೇಲೆ ಹೋಗುತ್ತದೆ. ಹಾಗಾಗಿ ಬರುವವರೆಲ್ಲ ಸೇತುವೆ ಮೇಲೇ ಬರಬೇಕು, ನಾವು ಮಾತ್ರ ಈ ದಡದಿಂದಲೇ ಹೊಡೆಯಬಹುದು. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳೇ ಕೂತು ಯೋಚಿಸಿ ಮಾಡಿದ್ದು ಇದು. ನನಗೆ ಇವತ್ತಿಗೂ ಅದರ ಬಗ್ಗೆ ಹೆಮ್ಮೆ.

ಒಮ್ಮೆ ನಾನು ಹದ್ದಿನ ಸುತ್ತ ಇಟ್ಟಿಗೆ ತೆಗೆದು ಕಬ್ಬಿಣ ಇಟ್ಟೆ. ಶತ್ರುವಿನ ಗುಂಡಿಗೆ ಕಬ್ಬಿಣ ಒಡೆಯುವುದಿಲ್ಲ. ಅಕ್ಕ ನೋಡಿ, "ಹಂಗಾದ್ರೆ ನಾನ್ಯಾಕೆ ಬೇಕು?" ಅಂದಳು. ಆಡುತ್ತಾ ಆಡುತ್ತಾ ಸಲಿಕೆ ಸಿಕ್ಕಿತು. ಸಲಿಕೆ ತಗೊಂಡರೆ ಸ್ವಲ್ಪ ಹೊತ್ತು ಇಟ್ಟಿಗೆ ಗೋಡೆ ಕಬ್ಬಿಣ ಆಗುತ್ತದೆ, ಆಮೇಲೆ ಮತ್ತೆ ಇಟ್ಟಿಗೆ. ನಮ್ಮದು ಮೊದಲೇ ಕಬ್ಬಿಣ ಅಲ್ವಾ, ಆದರೂ ಹೊತ್ತು ಮುಗಿದಾಗ ಅದು ಇಟ್ಟಿಗೆಯಾಗಿಬಿಟ್ಟಿತು! ಅಕ್ಕನಿಗೆ ಎಷ್ಟು ಖುಷಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಹದ್ದಿಗೆ ಇಟ್ಟಿಗೆ ಗೋಡೆಯೇ ಅಂತ ಕಾಯಂ ಆಯಿತು.

ಕಷ್ಟ ಶುರುವಾಗಿದ್ದು ಮಳೆಗಾಲದಲ್ಲಿ. ಮಲೆನಾಡಿನ ಮಳೆ ಗೊತ್ತಲ್ಲ. ಎಲ್ಲೋ ತಂತಿ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟೇ ಇಲ್ಲ. ಕರೆಂಟ್ ಹೋದರೆ ಕಟ್ಟಿದ ಸ್ಟೇಜ್ ಅಳಿಸಿಹೋಗುತ್ತದೆ, ಉಳಿಸಿಡಲು ಆ ಆಟದಲ್ಲಿ ದಾರಿಯೇ ಇಲ್ಲ. ಇಡೀ ಆಟವೇ 24 ಕಿಲೋಬೈಟ್. ಇವತ್ತು ವಾಟ್ಸಾಪ್‌ಗೆ ಬರುವ ಶುಭೋದಯದ ಫೋಟೋ ಒಂದೊಂದೂ ಅದಕ್ಕಿಂತ ದೊಡ್ಡದು. ಅಕ್ಕ ಲೆಕ್ಕದ ಚೌಕದ ನೋಟ್‌ಬುಕ್ ತೆಗೆದುಕೊಂಡು 13 ಗುಣಿಸು 13 ಮನೆ ಗೆರೆ ಎಳೆದಳು. ಇಟ್ಟಿಗೆಗೆ 'ಇ', ಕಬ್ಬಿಣಕ್ಕೆ 'ಕ', ನೀರಿಗೆ 'ನೀ', ಪೊದೆಗೆ 'ಪೊ'. ದೀಪದ ಬೆಳಕಲ್ಲಿ ಕೂತು ಹೊಸ ಹೊಸ ಸ್ಟೇಜ್ ಬರೆಯುತ್ತಿದ್ದಳು. ಅಜ್ಜಿ ಬಗ್ಗಿ ನೋಡಿ, "ಇದೇನೇ, ಚೌಕಾಬಾರಕ್ಕೆ ಇಷ್ಟು ಮನೆ?" ಅಂದಿದ್ದರು. ಕರೆಂಟ್ ಬಂದ ತಕ್ಷಣ ನಾನು ಓದಿ ಹೇಳುವುದು, ಅವಳು ಟಿವಿಯಲ್ಲಿ ಕಟ್ಟುವುದು. ಆಡಿದ್ದಕ್ಕಿಂತ ಬರೆದಿದ್ದೇ ಜಾಸ್ತಿ ಇರಬೇಕು.

ಅಜ್ಜಿ ಅಂದಾಗ ಡಕ್ ಹಂಟ್ ನೆನಪಾಗುತ್ತದೆ, ಪಿಸ್ತೂಲು ಹಿಡಿದು ಬಾತುಕೋಳಿ ಹೊಡೆಯುವ ಆಟ. ಗುರಿ ತಪ್ಪಿದರೆ ಒಂದು ನಾಯಿ ಎದ್ದು ನಗುತ್ತದೆ. ಅಜ್ಜಿಗೆ ಆ ನಾಯಿ ಮೇಲೆ ಬಹಳ ಸಿಟ್ಟಿತ್ತು. ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲು ಆ ಬೆಳಕನ್ನು ಹಿಡಿಯುತ್ತದೆ. ಈಗಿನ ಚಪ್ಪಟೆ ಟಿವಿಗಳಲ್ಲಿ ಚಿತ್ರ ಒಂದು ಚೂರು ತಡವಾಗಿ ಮೂಡುವುದರಿಂದ ಆ ಹಳೆ ಪಿಸ್ತೂಲು ಕೆಲಸ ಮಾಡುವುದಿಲ್ಲ. ಆಮೇಲೆ ಕಾಲೇಜಿನಲ್ಲಿ ಡೇವ್, ರೋಡ್ ರಾಶ್ ಅನ್ನುವ ಕಂಪ್ಯೂಟರ್ ಗೇಮ್ ಎಲ್ಲ ಆಡಿದೆ. ಚೆನ್ನಾಗಿದ್ದವು. ಆದರೆ ನೀವು ಇಷ್ಟದ್ದು ಯಾವುದು ಅಂತ ಕೇಳಿದರೆ ಅವು ಯಾವುವೂ ಬಾಯಿಗೆ ಬರುವುದಿಲ್ಲ.

ಎಸ್‌ಎಸ್‌ಎಲ್‌ಸಿ ಮುಗಿಸಿ ಅಕ್ಕ ಶಿವಮೊಗ್ಗದ ಹಾಸ್ಟೆಲ್‌ಗೆ ಹೋದಳು. ನಾನು ಒಬ್ಬನೇ ಆಡಿ ನೋಡಿದೆ. ಮೇಲೆ ಹೋದರೆ ಹದ್ದು ಹೋಗುತ್ತದೆ, ಹದ್ದಿನ ಹತ್ತಿರ ನಿಂತರೆ ಬೇಜಾರು. ಎರಡನೇ ರಿಮೋಟ್ ಹಾಗೇ ಸುತ್ತಿ ಇಟ್ಟಿದ್ದೆ.

ಕಳೆದ ದೀಪಾವಳಿಗೆ ಎಲ್ಲರೂ ಊರಲ್ಲಿ ಸೇರಿದ್ದೆವು. ಅಟ್ಟದಲ್ಲಿದ್ದ ಅಕ್ಕನ ನೋಟ್‌ಬುಕ್ ಹುಡುಕಿದೆ. ಗೆದ್ದಲು ತಿಂದು ಮುಗಿಸಿತ್ತು. ಸರಿ, ಲ್ಯಾಪ್‌ಟಾಪ್‌ಗೆ ಎರಡು ರಿಮೋಟ್ ಸಿಕ್ಕಿಸಿ, ನೆನಪಿದ್ದಷ್ಟರಲ್ಲಿ ನಮ್ಮೂರಿನ ಸ್ಟೇಜ್ ಕಟ್ಟಿ ಅವಳನ್ನು ಕರೆದೆ. ಈಗ ಅವಳು ಮಂಗಳೂರಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ, ಮಗ ಪಿಯುಸಿ. ಅವಳಿಗೆ ಎಲ್ಲಿ ನೆನಪಿರುತ್ತದೆ ಅಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಸಲ ನೋಡಿದಳು. "ಸೇತುವೆ ಒಂದು ಮನೆ ಎಡಕ್ಕೆ ಬರಬೇಕು ಮಾರಾಯ" ಅಂತ ನನ್ನ ರಿಮೋಟ್ ಇಸಿದುಕೊಂಡು ಸರಿಮಾಡಿದಳು. ಆಮೇಲೆ ಅದನ್ನು ನನಗೆ ವಾಪಸ್ ಕೊಟ್ಟು ಎರಡನೆಯದನ್ನು ಎತ್ತಿಕೊಂಡಳು.