ಹಿತ್ತಲಲ್ಲಿ ಹವ್ಯಾಸಕ್ಕೆಂದು ಎರಡು ಗಾಂಜಾ ಗಿಡ ಬೆಳೆಸಿಕೊಂಡರೆ ತಪ್ಪೇನು?

ಜಮಖಂಡಿಯಲ್ಲಿ ಸ್ವಂತ ಮನೆ ಇದೆ, ಹಿತ್ತಲು ಖಾಲಿ ಬಿದ್ದಿದೆ, ಮಾರುವ ಉದ್ದೇಶ ಇಲ್ಲ, ಒಂದು ಗಿಡವನ್ನು ಬೀಜದಿಂದ ಬೆಳೆಸಿ, ಕೊಯ್ದು, ಒಣಗಿಸಿ ಕೈಯಾರೆ ಹದ ಮಾಡುವ ಆಸೆ ಇದೆ, ಎರಡೇ ಗಿಡಕ್ಕೆ ಯಾರು ಬರುತ್ತಾರೆ ಎಂದು ಕೇಳಿದ್ದೀರಿ.

ಬರುತ್ತಾರೆ ತಮ್ಮಾ. ಬಾಗಲಕೋಟೆ ನವನಗರದ ನನ್ನ ಮನೆಗೆ ಗಾಂಜಾ ಇಲ್ಲದೆಯೂ ಬಂದಿದ್ದರು. ಆ ಕತೆಗೆ ಮುಂಚೆ ಕಾಯ್ದೆಯ ಮಾತು ಮುಗಿಸಿಬಿಡುತ್ತೇನೆ.

ಎಲ್ಲರೂ ಎನ್‌ಡಿಪಿಎಸ್ ಎನ್ನುವ 1985ರ ಮಾದಕ ವಸ್ತುಗಳ ಕಾಯ್ದೆಯ 8ನೇ ಕಲಂ ಗಾಂಜಾ ಗಿಡ ಬೆಳೆಯುವುದನ್ನೇ ನಿಷೇಧಿಸುತ್ತದೆ. 20ನೇ ಕಲಂ ಅದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಒಣಗಿದ ಗಾಂಜಾ ಇಟ್ಟುಕೊಂಡವರಿಗಾದರೆ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ತೂಕದ ಲೆಕ್ಕವಿದೆ. ಬೆಳೆದವರಿಗೆ ಆ ಲೆಕ್ಕವೂ ಇಲ್ಲ, ಎರಡು ಗಿಡ ಎಂಬ ರಿಯಾಯಿತಿಯೂ ಇಲ್ಲ. ಕೆಲವರು ಬಹಳ ಜಾಣತನದಿಂದ ಒಂದು ವಾದ ಹೂಡುತ್ತಾರೆ: ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ, ಬರೀ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ, ಆದ್ದರಿಂದ ಹೂ ಬಿಡುವ ಮುಂಚೆ ಕಿತ್ತರಾಯಿತು. ಮೊದಲ ಅರ್ಧ ನಿಜ. ಆದರೆ ಬೆಳೆಯುವುದನ್ನು ನಿಷೇಧಿಸುವ ಸಾಲಿನಲ್ಲಿರುವುದು ಗಿಡ ಎಂಬ ಶಬ್ದ. ಹೂ ಬಿಟ್ಟಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಉತ್ತರಾಖಂಡದಲ್ಲಿ ಬೆಳೆಯುತ್ತಾರಲ್ಲ ಎಂದರೆ, ಅಲ್ಲಿ 2018ರಿಂದ ನಾರು ಮತ್ತು ಬೀಜಕ್ಕಾಗಿ, ಅಮಲಿನ ಅಂಶ ಶೇ 0.3ಕ್ಕಿಂತ ಕಡಿಮೆ ಇರುವ ತಳಿಯನ್ನು, ಸರ್ಕಾರದ ಪರವಾನಗಿ ಪಡೆದು ಬೆಳೆಯುತ್ತಾರೆ. ಅದು ನಿಮ್ಮ ಹಿತ್ತಲಿಗೆ ಅನ್ವಯಿಸುವುದಿಲ್ಲ. ಮಠದ ಕಟ್ಟೆಯ ಮೇಲೆ ಸಾಧುಗಳು ಚಿಲುಮೆ ಸೇದುವುದನ್ನು ನಾನೂ ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ನ್ಯಾಯಾಲಯದಲ್ಲಿ ಅದನ್ನು ಹೇಳಿ ಪಾರಾಗುತ್ತೇನೆ ಎಂದುಕೊಳ್ಳಬೇಡಿ. ಕಬ್ಬಿನ ನಡುವೆ, ತೊಗರಿಯ ಸಾಲಿನಲ್ಲಿ ಬಚ್ಚಿಟ್ಟು ಬೆಳೆದವರ ಫೋಟೊ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕಿತ್ತ ಗಿಡಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿರುತ್ತಾರೆ, ಹಿಂದೆ ಅಧಿಕಾರಿಗಳು, ನಡುವೆ ತಲೆ ತಗ್ಗಿಸಿದ ಒಬ್ಬ ರೈತ.

ಈಗ ನನ್ನ ಕತೆ. ನಾಲ್ಕು ವರ್ಷದ ಹಿಂದೆ ಕಂಪೌಂಡಿನ ಒಳಗೆ ಎರಡು ಮಡಿ ಪುಂಡಿ, ಅಂದರೆ ಪಲ್ಯ ಮಾಡುವ ಹುಳಿ ಸೊಪ್ಪು, ಹಾಕಿದ್ದೆ. ನಮ್ಮ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಸಾಮಾನು ಕಟ್ಟಿಕೊಂಡು ಬರುವಾಗ ಅವ್ವ ಒಂದು ಡಬ್ಬಿಯಲ್ಲಿ ಬೂದಿ ಬೆರೆಸಿ ತಂದ ಬೀಜಗಳಲ್ಲಿ ಪುಂಡಿಯೂ ಇತ್ತು. ಅಂದಿನಿಂದ ವರ್ಷ ತಪ್ಪದೆ ಬಿತ್ತಿ ಬೀಜ ಉಳಿಸಿಕೊಂಡು ಬಂದಿದ್ದೇವೆ. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಗಿಡಗಳು ಗೋಡೆಗಿಂತ ಎತ್ತರಕ್ಕೆ ಎದ್ದವು. ಎದುರಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ಪುಂಡಿ ಕಂಡರಿಯದ ಊರಿನವರು, ಗೋಡೆಯಾಚೆ ಐದು ಬೆರಳಿನ, ಅಂಚಿಗೆ ಗರಗಸದ ಹಲ್ಲಿನ ಎಲೆ ನೋಡಿ ಮೊಬೈಲಿನಲ್ಲಿ ಫೋಟೊ ತೆಗೆದು ಎಲ್ಲಿಗೋ ಕಳಿಸಿದರು. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಇಬ್ಬರು ಪೊಲೀಸರು.

ಕಿರಿಯವನ ಮುಖ ಗಂಭೀರವಾಗಿತ್ತು, ಕೈಯಲ್ಲಿ ಅದೇ ಫೋಟೊ. ಹಿರಿಯವರು ಮಾತಾಡದೆ ಮಡಿಯ ಹತ್ತಿರ ಹೋಗಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಒಂದು ಕಣ್ಣು ತಾನಾಗಿ ಮುಚ್ಚಿತು. “ಕಾಕಾ, ಇಷ್ಟು ಹುಳಿ ಗಾಂಜಾವನ್ನು ನಾನು ನೋಡಿಲ್ಲ” ಎಂದರು. ಕಿರಿಯವನಿಗೂ ಒಂದು ಎಲೆ ಕೊಟ್ಟರು. ನಮ್ಮವಳು ಒಳಗಿನಿಂದ ಚಹಾ ತಂದಳು, ಹೋಗುವಾಗ ಇಬ್ಬರಿಗೂ ಒಂದೊಂದು ಕಟ್ಟು ಸೊಪ್ಪು ಕಟ್ಟಿಕೊಟ್ಟಳು. ಎದುರು ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಅವರೇನೂ ಕುರುಡರಲ್ಲ. ಸಸ್ಯವಿಜ್ಞಾನಿ ಲಿನಿಯಸ್‌ನೇ 1759ರಲ್ಲಿ ಈ ಗಿಡಕ್ಕೆ ಹಿಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾದಂಥ ದಾಸವಾಳ ಎಂದು ಹೆಸರಿಟ್ಟಿದ್ದಾನೆ. ಆದರೆ ಸಂಬಂಧ ಹೆಸರಿಗೇ ಮುಗಿಯಿತು. ಪುಂಡಿ ಬೆಂಡೆ, ಹತ್ತಿ, ದಾಸವಾಳದ ಕುಲದ್ದು. ಗಾಂಜಾದ ಎಲೆಯ ಬೆರಳುಗಳು ಬುಡದವರೆಗೆ ಬೇರೆ ಬೇರೆ, ಪುಂಡಿಯವು ಅಂಗೈಯಲ್ಲಿ ಕೂಡಿಕೊಂಡಿರುತ್ತವೆ. ಬುಡದ ಕಡೆಯ ಎಲೆಗಳಿಗೆ ಬೆರಳೇ ಇರುವುದಿಲ್ಲ. ದಂಟಿನ ಮೇಲೆ ಸಣ್ಣ ಮುಳ್ಳು. ಹೂ ಬಿಟ್ಟರಂತೂ ಅನುಮಾನಕ್ಕೆ ಜಾಗವೇ ಇಲ್ಲ: ಬೆಂಡೆಯ ಹೂವಿನ ಹಾಗೆ ತಿಳಿ ಹಳದಿ, ನಡುವೆ ಗಾಢ ಕೆಂಪು ಬೊಟ್ಟು.

ನಿಮ್ಮ ಪ್ರಶ್ನೆಗೆ ಇದೆಲ್ಲ ಏಕೆ ಎಂದರೆ, ಬೆಳೆಸುವುದು, ಹೂವಿಗೆ ಕಾಯುವುದು, ಕೊಯ್ದು ಹದ ಮಾಡುವುದು, ಕೈಯಲ್ಲಿ ಒಂದು ವಸ್ತು ಬರುವುದು ಇವೇ ನಿಮಗೆ ಬೇಕಾಗಿದ್ದರೆ ಪುಂಡಿ ಇದೆಲ್ಲವನ್ನೂ ಕೊಡುತ್ತದೆ. ಅಮಲೇ ಬೇಕು ಎಂದಾದರೆ ನನ್ನ ಬಳಿ ಉತ್ತರವಿಲ್ಲ, ಇಲ್ಲಿಗೇ ಓದು ನಿಲ್ಲಿಸಿ.

ಜೂನ್‌ನಲ್ಲಿ ನೆಲ ಹಸಿಯಾದ ಮೇಲೆ ಬಿತ್ತಿ. ನಮ್ಮ ಎರೆ ಮಣ್ಣು ಚೆನ್ನಾಗಿ ಒಗ್ಗುತ್ತದೆ, ನೀರು ಮಾತ್ರ ನಿಲ್ಲಬಾರದು. ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಪಲ್ಯಕ್ಕೋ, ನಾರಿಗೋ. ಪಲ್ಯಕ್ಕಾದರೆ ಗೇಣಿಗೊಂದು ಗಿಡ ಬಿಟ್ಟು, ಮೊಣಕಾಲುದ್ದ ಆದಾಗ ಕುಡಿ ಚಿವುಟಿ. ಪಕ್ಕದಲ್ಲಿ ಟೊಂಗೆ ಒಡೆದು ವಾರವಾರ ಎಲೆ ಸಿಗುತ್ತದೆ. ನಾರಿಗಾದರೆ ಒತ್ತಾಗಿ ಬಿತ್ತಿ, ಕುಡಿ ಮುಟ್ಟಬೇಡಿ. ಒತ್ತಿನಲ್ಲಿ ಬೆಳೆದ ಗಿಡ ಬೆಳಕಿಗಾಗಿ ಪೈಪೋಟಿ ಮಾಡುತ್ತ ಟೊಂಗೆ ಒಡೆಯದೆ ನೆಟ್ಟಗೆ ಏಳುತ್ತದೆ, ನಾರು ಉದ್ದಕ್ಕೆ ಬರುತ್ತದೆ. ಹಗಲು ಚಿಕ್ಕದಾಗುತ್ತ ಬಂದ ಹಾಗೆ ಹೂ ಹಿಡಿಯುತ್ತದೆ. ಕೊಯ್ಯುವ ಹದ ಅದೇ. ಕಾಯಿ ಬಲಿಯುವವರೆಗೆ ಬಿಟ್ಟರೆ ನಾರು ಒರಟಾಗುತ್ತದೆ.

ಪಲ್ಯದ ಬಗ್ಗೆ ಬಾಗಲಕೋಟೆ ಜಿಲ್ಲೆಯವರಿಗೆ ನಾನೇನು ಹೇಳುವುದು, ನಿಮ್ಮ ಮನೆಯಲ್ಲೇ ಕೇಳಿ. ಎಲೆ ಬೇಯಿಸಿದ ಮೊದಲ ನೀರು ಬಸಿದರೆ ಹುಳಿ ಹದಕ್ಕೆ ಬರುತ್ತದೆ, ಜೋಳದ ನುಚ್ಚು ಮತ್ತು ತೊಗರಿಬೇಳೆ ಹಾಕಿ ಮಸೆಯಬೇಕು, ಬೆಳ್ಳುಳ್ಳಿ ಒಗ್ಗರಣೆಗೆ ಜಿಪುಣತನ ಮಾಡಬಾರದು. ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ನಿಜವಾದ ಹವ್ಯಾಸ ಇರುವುದು ನಾರಿನಲ್ಲಿ. ಕೊಯ್ದ ದಂಟುಗಳನ್ನು ಎರಡು ದಿನ ನೆಲದ ಮೇಲೆ ಬಿಟ್ಟರೆ ಎಲೆ ಉದುರುತ್ತದೆ. ಆಮೇಲೆ ಕೈತುಂಬ ಹಿಡಿಯುವಷ್ಟು ದಪ್ಪದ ಕಟ್ಟುಗಳನ್ನು ಮಾಡಿ ನೀರಿನಲ್ಲಿ ಕೊಳೆ ಹಾಕಬೇಕು. ಊರಲ್ಲಿದ್ದಾಗ ಅಪ್ಪ ಘಟಪ್ರಭೆಯ ಮಡುವಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದ. ನನಗೆ ಈಗ ಸಿಮೆಂಟಿನ ತೊಟ್ಟಿಯೇ ನದಿ. ಕಬ್ಬಿಣದ ಡ್ರಮ್ಮಿನಲ್ಲಿ ಒಮ್ಮೆ ಹಾಕಿ ನಾರೆಲ್ಲ ಕಪ್ಪಾಯಿತು, ಆ ತಪ್ಪು ನೀವು ಮಾಡಬೇಡಿ. ಬುಡ ದಪ್ಪ, ತುದಿ ತೆಳು. ಒಂದೇ ದಿನ ಮುಳುಗಿಸಿದರೆ ತುದಿ ಕೊಳೆತು ಹೋಗುವಾಗ ಬುಡ ಇನ್ನೂ ಹಸಿಯಾಗಿರುತ್ತದೆ. ಅದಕ್ಕೆ ಮೊದಲ ಮೂರು ದಿನ ಬುಡ ಮಾತ್ರ ನೀರಿನಲ್ಲಿರುವಂತೆ ಕಟ್ಟುಗಳನ್ನು ನಿಲ್ಲಿಸಿ, ಆಮೇಲೆ ಅಡ್ಡ ಮಲಗಿಸಬೇಕು. ನೀರಿನೊಳಗಿನ ಸೂಕ್ಷ್ಮಜೀವಿಗಳು ತೊಗಟೆಯಲ್ಲಿ ನಾರನ್ನು ಹಿಡಿದಿಟ್ಟ ಅಂಟನ್ನು ತಿಂದು ಮುಗಿಸುತ್ತವೆ. ಸೆಪ್ಟೆಂಬರ್ ಅಕ್ಟೋಬರ್‌ನ ಬಿಸಿಗೆ ನನ್ನ ತೊಟ್ಟಿಯಲ್ಲಿ ಎರಡು ವಾರ ಹಿಡಿಯುತ್ತದೆ. ಎಂಟನೇ ದಿನದಿಂದ ವಾಸನೆ ಶುರು. ಅದನ್ನು ವರ್ಣಿಸುವುದಿಲ್ಲ. ಗಾಂಜಾದ ವಿಷಯದಲ್ಲಿ ದೂರು ಕೊಟ್ಟವರು ಈ ವಾಸನೆಗೆ ಯಾಕೆ ಕೊಡಲಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ತೊಟ್ಟಿಯ ಮೇಲೆ ಸೊಳ್ಳೆ ಪರದೆ ಮುಚ್ಚಿ, ಇಲ್ಲದಿದ್ದರೆ ಓಣಿಯೆಲ್ಲ ಬೈಯುತ್ತದೆ.

ಹತ್ತನೇ ದಿನದಿಂದ ದಿನಾ ಒಂದು ದಂಟು ತೆಗೆದು ಬುಡದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ತೊಗಟೆ ಒಳಗಿನ ಕಡ್ಡಿಯಿಂದ ಜಾರಿ ಬಂದರೆ ಹದ. ಜಾರದಿದ್ದರೆ ಮತ್ತೆ ಮುಳುಗಿಸಿ. ಎರಡು ದಿನ ಮರೆತರೆ ನಾರಿನ ಬಲವೇ ಹೋಗುತ್ತದೆ, ಎಳೆದರೆ ಒದ್ದೆ ಕಾಗದದಂತೆ ಹರಿಯುತ್ತದೆ. ಹದಕ್ಕೆ ಬಂದ ದಂಟಿನ ಬುಡ ಬಡಿದು, ನಾರನ್ನು ಬೆರಳಿಗೆ ಸುತ್ತಿ ಎಳೆದರೆ ಬಿಳಿ ಕಡ್ಡಿ ಒಂದೇ ಏಟಿಗೆ ಹೊರಗೆ ಬರುತ್ತದೆ. ನಾಲ್ಕೈದು ನೀರಿನಲ್ಲಿ ಜಾಲಿಸಿ ತಂತಿಯ ಮೇಲೆ ಹರವಿದರೆ ಸಂಜೆಗೆ ಮುದುಕಿಯ ತಲೆಗೂದಲಿನಂತೆ ಹೊಳೆಯುತ್ತದೆ. ವಾಸನೆಯೂ ಬಿಸಿಲಿಗೆ ಹೋಗುತ್ತದೆ. ತೊಟ್ಟಿಯ ನೀರನ್ನು ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ. ನಾನು ತೆಂಗಿನ ಬುಡಕ್ಕೆ ಹಾಕುತ್ತೇನೆ.

ಈ ನಾರಿನಿಂದ ಹಗ್ಗ ಹೊಸೆಯುವುದು ಬರೆದು ಕಲಿಸುವ ವಿದ್ಯೆಯಲ್ಲ, ಆದರೂ ಗುಟ್ಟು ಇಷ್ಟೇ: ಒಂದೊಂದು ಎಳೆಯನ್ನು ಬಲಕ್ಕೆ ತಿರುಚಿ, ಮೂರನ್ನೂ ಕೂಡಿಸುವಾಗ ಎಡಕ್ಕೆ ತಿರುಚಬೇಕು. ಬಿಚ್ಚಲು ಹೊರಟ ಎಳೆಗಳೇ ಒಂದನ್ನೊಂದು ಬಿಗಿಯುತ್ತವೆ. ನನ್ನ ಮೊದಲ ಹಗ್ಗ ನೋಡಿ ಅವ್ವ, ಇದರಲ್ಲಿ ಕರು ಕಟ್ಟಿದರೆ ಕರುವೇ ನಾಚಿಕೊಳ್ಳುತ್ತದೆ ಎಂದಿದ್ದಳು. ಈಗ ಪ್ರತಿ ಕಾರಹುಣ್ಣಿಮೆಗೆ ಹಳೆಯ ನೆರೆಯವರ ಎತ್ತುಗಳಿಗೆ ಎರಡು ಕಣ್ಣಿ ನನ್ನ ಕೈಯವೇ.

ಬೀಜಕ್ಕೆಂದು ನಾಲ್ಕು ಗಿಡ ಬಿಡಿ. ಕಾಯಿಯ ಮೇಲಿನ ಸುಂಕು ಚುಚ್ಚುತ್ತದೆ, ಬಟ್ಟೆ ಸುತ್ತಿಕೊಂಡು ಬಿಡಿಸಿ. ಎಣ್ಣೆಯ ಬೀಜವಾದ್ದರಿಂದ ಹಳತಾದರೆ ಮೊಳಕೆ ಕಡಿಮೆ, ಪ್ರತಿ ವರ್ಷ ಹೊಸದು ಮಾಡಿಕೊಳ್ಳಬೇಕು. ಮೊದಲ ವರ್ಷ ಗೋಡೆಯಿಂದ ಸ್ವಲ್ಪ ದೂರ ಬಿತ್ತಿ, ಅಕ್ಕಪಕ್ಕದವರಿಗೆ ಮುಂಚಿತವಾಗಿ ಒಂದು ಕಟ್ಟು ಸೊಪ್ಪು ಕಳಿಸಿ. ನಾನು ಈಗ ಎದುರು ಮನೆಗೆ ಶನಿವಾರಕ್ಕೊಮ್ಮೆ ಕಳಿಸುತ್ತೇನೆ. ಹೋದ ತಿಂಗಳು ಅವರೇ ಗೋಡೆಯ ಮೇಲಿಂದ ಇಣುಕಿ, ಈ ಸಲ ಇನ್ನೂ ಏಕೆ ಬಿತ್ತಿಲ್ಲ ಎಂದು ಕೇಳಿದರು.