ವಿಜಯಪುರದಲ್ಲಿ ಪಕ್ಕದ ಮನೆಯವರ ನಾಯಿ ನನ್ನ ಮಗನಿಗೆ ಕಚ್ಚಿದೆ. ಕಾನೂನಿನಲ್ಲಿ ಏನು ಮಾಡಬಹುದು?

ಮೊದಲು ದವಾಖಾನೆ, ಆಮೇಲೆ ಠಾಣೆ. ಗಾಯಕ್ಕೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ನಮ್ಮ ಓಣಿಯಲ್ಲಿ ಒಬ್ಬ ಹುಡುಗನ ಮೀನಖಂಡಕ್ಕೆ ನಾಯಿ ಕಚ್ಚಿದಾಗ ಅವರಜ್ಜಿ ಖಾರದ ಪುಡಿ ಒತ್ತಿಬಿಟ್ಟಿದ್ದರು. ಹಾಗೆ ಮಾತ್ರ ಮಾಡಬೇಡಿ. ರೇಬೀಸ್ ಲಸಿಕೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಚೀಟಿಯಲ್ಲಿ ‘ನಾಯಿ ಕಡಿತ’ ಅಂತ ತಾರೀಕು ಸಮೇತ ಬರೆಸಿಕೊಳ್ಳಿ, ನಾಳೆ ಅದೇ ಸಾಕ್ಷಿ. ಹರಿದ ಪ್ಯಾಂಟನ್ನೂ ಒಗೆಯದೆ ಎತ್ತಿಡಿ.

ಸಾಕಿದ ನಾಯಿ ಅಲ್ವಾ, ಹಾಗಾಗಿ ಠಾಣೆಯಲ್ಲಿ ಮಾಲೀಕರ ಮೇಲೆ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಪ್ರಾಣಿಯನ್ನು ಹುಷಾರಾಗಿ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ದಂಡದ ದುಡ್ಡು ಸಾಮಾನ್ಯವಾಗಿ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಕೈಗಲ್ಲ. ಔಷಧಿ ಖರ್ಚು, ತಪ್ಪಿದ ಕೂಲಿ ಬೇಕೆಂದರೆ ಸಿವಿಲ್ ದಾವೆಯೇ ಹಾಕಬೇಕು. ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಸುಮ್ನೆ ಜಗಳ ಆಡುವುದಕ್ಕಿಂತ ಒಮ್ಮೆ ಅಲ್ಲಿ ಕೇಳಿ.

ಬೀದಿ ನಾಯಿಯಾಗಿದ್ದರೆ ಮಹಾನಗರ ಪಾಲಿಕೆಗೆ ಬರೆದು ಕೊಡಬೇಕಿತ್ತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಬೀದಿ ನಾಯಿಗಳ ಸಂತಾನಹರಣ ಚಿಕಿತ್ಸೆ, ಲಸಿಕೆ ಅವರ ಕೆಲಸ. ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬಾರದು.