72ರ ತಾಯಿ ಸೊರಗುತ್ತಿದ್ದಾರೆ, ಇದು ಬರೀ ವಯಸ್ಸೇ?

ಚಿತ್ತಾಪುರದ ಕಡೆ ಹಳ್ಳಿಯಲ್ಲಿರುವ ತಾಯಿಯವರು ವರ್ಷದಿಂದೀಚೆಗೆ ಸೊರಗಿದ್ದಾರೆ, ನಡಿಗೆ ನಿಧಾನವಾಗಿದೆ, ಬಿಪಿ, ಸಕ್ಕರೆ ಎರಡೂ ಹತೋಟಿಯಲ್ಲಿವೆ, ಕೆಲಸವನ್ನೆಲ್ಲ ಬಿಡಿಸಿದ್ದೇವೆ, ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಸೇಡಂ ತಾಲ್ಲೂಕಿನ ಹಳ್ಳಿಯೊಂದರ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿಡಿಸಿದ ಕೆಲಸದಲ್ಲಿ ಅವರ ಕೈಲಾಗುವಷ್ಟನ್ನು ದಯವಿಟ್ಟು ಮರಳಿ ಅವರಿಗೇ ಕೊಡಿ.

‘ಇಷ್ಟು ವರ್ಷ ದುಡಿದಿರಿ, ಇನ್ನು ಕುಳಿತು ಉಣ್ಣಿರಿ’ ಎನ್ನುವುದು ನಮ್ಮ ಭಾಗದ ಮಕ್ಕಳ ಪ್ರೀತಿ. ಆದರೆ ಹೊಲಕ್ಕೆ ನಡೆದ ಕಾಲು, ರೊಟ್ಟಿ ಬಡಿದ ಕೈ ಒಮ್ಮೆಲೇ ಸುಮ್ಮನಾದರೆ ಸ್ನಾಯು ಕರಗುತ್ತದೆ. ಈ ವಯಸ್ಸಿನಲ್ಲಿ ಕರಗುವುದು ಬೇಗ, ಮರಳುವುದು ನಿಧಾನ. ಆದರೂ ಮರಳುತ್ತದೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರಿಗೆ 8 ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದಾಗ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. 1990ರಲ್ಲಿ ಪ್ರಕಟವಾದ ಅಧ್ಯಯನವದು. ನಿಮ್ಮ ತಾಯಿಗಿನ್ನೂ 72.

ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಿಧಾನ ನಡಿಗೆ, ಓಡಾಟ ಕಡಿಮೆಯಾಗುವುದು: ಈ ಐದರಲ್ಲಿ ಮೂರು ಕಂಡರೆ ವೈದ್ಯರು ದುರ್ಬಲತೆ ಎನ್ನುತ್ತಾರೆ. ಒಂದೆರಡೇ ಇದ್ದಾಗ ಹಿಡಿದರೆ ಸುಧಾರಿಸುವುದು ಸುಲಭ.

ಮನೆಯಲ್ಲೇ ನೋಡಿ. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 14 ಸೆಕೆಂಡಿನೊಳಗೆ ಆಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿಗೆ ಬರುವ ಎಷ್ಟೋ ಅಜ್ಜಿಯರು ಮೂರನೆಯ ಸಲಕ್ಕೆ ತಮಗೇ ಅರಿವಿಲ್ಲದೆ ಕೈ ಬಿಚ್ಚಿ ತೊಡೆಯ ಮೇಲೆ ಅಂಗೈ ಊರುತ್ತಾರೆ. ಗಡಿಯಾರ ನೋಡುವ ಮೊದಲೇ ನನಗೆ ತಿಳಿಯುತ್ತದೆ. ಆ ಪರೀಕ್ಷೆಯೇ ವ್ಯಾಯಾಮವೂ ಹೌದು. ಮೊದಮೊದಲು ಕೈ ಊರಿಯೇ ಮಾಡಲಿ, ಬೆಳಿಗ್ಗೆ, ಸಂಜೆ. ನಮ್ಮೂರಲ್ಲಿ ಗುಡಿಯ ಕಟ್ಟೆಯ ಮೇಲೆ ಭಜನೆಗೆ ಮೊದಲು ಎಲ್ಲರೂ ಒಟ್ಟಿಗೆ ಮಾಡುತ್ತಾರೆ. ಒಬ್ಬರೇ ಮಾಡುವವರು ವಾರದಲ್ಲಿ ಬಿಡುತ್ತಾರೆ.

ಇನ್ನು ತಾಟಿನಲ್ಲಿ ಏನಿದೆ ನೋಡಿ. ಹಲ್ಲಿಲ್ಲವೆಂದು ಜೋಳದ ರೊಟ್ಟಿಯನ್ನು ತಿಳಿಸಾರಿನಲ್ಲಿ ನೆನೆಸಿ ಉಣ್ಣುತ್ತಾರೆ, ಗಟ್ಟಿ ಬೇಳೆ ಮೊಮ್ಮಕ್ಕಳ ಪಾಲಾಗುತ್ತದೆ. ತೊಗರಿಯ ಕಣಜದಲ್ಲಿ ಹಿರಿಯರಿಗೇ ಬೇಳೆಯಿಲ್ಲ! ಈ ವಯಸ್ಸಿನಲ್ಲಿ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 50 ಕೆಜಿಯವರಿಗೆ 50–60 ಗ್ರಾಂ. ನುಣ್ಣಗೆ ಕಡೆದ ಗಟ್ಟಿ ಬೇಳೆ, ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ, ತಿನ್ನುವವರಾದರೆ ಮೊಟ್ಟೆ, ಮೂರೂ ಹೊತ್ತು ಹಂಚಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ.

ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಬಿಪಿ ಮಾತ್ರೆ ಹೆಚ್ಚಾದರೆ ಎದ್ದಾಗ ತಲೆ ಸುತ್ತುತ್ತದೆ, ನಿದ್ರೆ ಮಾತ್ರೆಯಿಂದ ರಾತ್ರಿ ಬೀಳುತ್ತಾರೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಹಿರಿಯರ ಆರೋಗ್ಯಕ್ಕೆಂದು 2010–11ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಅದರಂತೆ ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್ ನಡೆಯಬೇಕು. ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣಿನ ಪೊರೆಯನ್ನೂ ಆಗಲೇ ನೋಡಿಸಿ.

ಅಲ್ಲಿ ತೂಕ ಹಾಕಿಸಿ. ಮೂರು ತಿಂಗಳಲ್ಲಿ 3 ಕೆಜಿಗಿಂತ ಹೆಚ್ಚು ಇಳಿದಿದ್ದರೆ ಕ್ಷಯ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವೆಯೇ ಎಂದು ಮೊದಲು ಪರೀಕ್ಷಿಸಬೇಕು. ಅಷ್ಟು ತೂಕ ಇಳಿದಿದ್ದರೆ ಮಾತ್ರ ಆ ವರದಿ ಕೈಗೆ ಬರುವವರೆಗೆ ವ್ಯಾಯಾಮ ಶುರುಮಾಡಬೇಡಿ.